ಬಾಯಿಗೆ ಬಂದ ನಂಬರು

೧೯೯೬ರಲ್ಲಿ ಶಿರಸಿಯ ಹುಬ್ಬಳ್ಳಿ ರಸ್ತೆಯಲ್ಲಿ ಗದ್ದೆ ಉಳುವ ಪವರ್ ಟಿಲ್ಲರ್ ಮಾರುವ ಅಂಗಡಿಯೆಂದರೆ ವಿಘ್ನೇಶ್ವರ ಗಾಂವ್ಕರನದೊಂದೇ. ಅವನು ಯಲ್ಲಾಪುರದ ಕಡೆಯವನು. ಹತ್ತು ವರ್ಷ ಬೇರೆಯವರ ಅಂಗಡಿಯಲ್ಲಿ ನಿಂತು ನಟ್ಟು ಬೋಲ್ಟು ಮಾರಿ, ಆಮೇಲೆ ಕಂಪನಿಯವರ ಬೆನ್ನು ಹತ್ತಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಡೀಲರ್ ಆದವನು. ನಲವತ್ತೆರಡನೇ ವಯಸ್ಸಿಗೆ ಊರಿನಲ್ಲಿ ನಾಲ್ಕು ಜನ ನಿಂತು ಮಾತಾಡಿಸುವ ಮನುಷ್ಯನಾಗಿದ್ದ. ಅಂಗಡಿಯ ಗೋಡೆಗೆ ಗಾಜು ಹಾಕಿಸಿ ತೂಗುಬಿಟ್ಟಿದ್ದ ಟ್ರೇಡ್ ಸರ್ಟಿಫಿಕೇಟಿನ ಬಗ್ಗೆ ಅವನಿಗೆ ಬಹಳ ಅಭಿಮಾನ. ನೋಂದಣಿಯಾಗದ ಹೊಸ ಗಾಡಿಯನ್ನು ಇಟ್ಟುಕೊಳ್ಳಲಿಕ್ಕೆ, ರಸ್ತೆಗಿಳಿಸಿ ಗಿರಾಕಿಗೆ ತೋರಿಸಲಿಕ್ಕೆ, ಅವನ ಮನೆ ಬಾಗಿಲಿಗೆ ಮುಟ್ಟಿಸಲಿಕ್ಕೆ ಸಾರಿಗೆ ಇಲಾಖೆ ವ್ಯಾಪಾರಿಗೆ ಕೊಡುವ ಪರವಾನಗಿ ಅದು. ವರ್ಷಕ್ಕೊಮ್ಮೆ ಅರ್ಜಿ ಹಾಕಿ ನವೀಕರಿಸಬೇಕು. ಆ ಅರ್ಜಿಗಳನ್ನೆಲ್ಲ ತುಂಬುವವಳು ಹೆಂಡತಿ ಪರಿಮಳಾ. ಅವಳ ಅಕ್ಷರ ಚಂದ, ಲೆಕ್ಕ ಚೊಕ್ಕ, ಆಫೀಸಿನ ಕಪಾಟಿನ ಬೀಗದ ಕೈ ಮಾತ್ರ ವಿಘ್ನೇಶ್ವರನ ಹತ್ತಿರ.

ಬರೀ ಟಿಲ್ಲರನ್ನು ಈ ಸೀಮೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಅದರ ಹಿಂದೆ ಟ್ರೇಲರ್ ಬೇಕು. ಬೆಟ್ಟದಿಂದ ಸೊಪ್ಪು ತರಬೇಕು, ತೋಟಕ್ಕೆ ಗೊಬ್ಬರ ಇಳಿಸಬೇಕು, ಸೊಸೈಟಿಗೆ ಅಡಿಕೆ ಚೀಲ ಸಾಗಿಸಬೇಕು. ಆದರೆ ಕಾನೂನಿನ ಪ್ರಕಾರ ಟ್ರೇಲರೂ ಒಂದು ವಾಹನವೇ. ವೆಲ್ಡಿಂಗ್ ಮಷೀನು ಇದ್ದವರೆಲ್ಲ ಮಾಡಿ ಮಾರುವ ಹಾಗಿಲ್ಲ. ಮಾಡುವವನು ನಕ್ಷೆ, ಅಳತೆ, ಬಳಸುವ ಕಬ್ಬಿಣದ ವಿವರ ಎಲ್ಲವನ್ನೂ ಬೆಂಗಳೂರಿನ ಸಾರಿಗೆ ಕಚೇರಿಗೆ ಕೊಟ್ಟು, ಮಾದರಿ ತೋರಿಸಿ, ತಯಾರಕನೆಂದು ಮಂಜೂರಿ ಪಡೆಯಬೇಕು. ಮಂಜೂರಿಯಾದವನು ಪ್ರತಿ ಟ್ರೇಲರಿಗೂ ನಂಬರು ಕೊರೆದ ಒಂದು ಪ್ಲೇಟು ಹೊಡೆದು, ಜೊತೆಗೆ ಪ್ರಮಾಣಪತ್ರ ಕೊಡುತ್ತಾನೆ. ಅದಿಲ್ಲದೆ ನೋಂದಣಿ ಇಲ್ಲ. ಅಂಥ ತಯಾರಕರು ಆಗ ಈ ಮೂರು ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲ. ಹುಬ್ಬಳ್ಳಿ ಕಡೆಯ ಒಬ್ಬ ತಯಾರಕನಿಂದ ವಿಘ್ನೇಶ್ವರ ತರಿಸುತ್ತಿದ್ದ. ಬಯಲುಸೀಮೆಯ ಹೊಲಕ್ಕೆಂದು ಮಾಡಿದ ಆ ಟ್ರೇಲರುಗಳು ಇಲ್ಲಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಿರಲಿಲ್ಲ. ಕೊಂಡವರು ಆರು ತಿಂಗಳಿಗೆ ಬೈಯುತ್ತ ಬರುತ್ತಿದ್ದರು.

ಬೈದುಕೊಂಡು ಬಂದವರ ಟ್ರೇಲರನ್ನು ರಿಪೇರಿಗೆ ಕಳಿಸುತ್ತಿದ್ದುದು ಸಿದ್ದಾಪುರದ ಅಬ್ದುಲ್ ರಜಾಕನ ಗ್ಯಾರೇಜಿಗೆ. ರಜಾಕ್ ಐವತ್ತು ದಾಟಿದ ಮನುಷ್ಯ. ಮಾತು ಕಡಿಮೆ. ಮುರಿದದ್ದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇದು ಎಲ್ಲಿ ಸೋತಿತು ಎಂದು ಹೇಳಬಲ್ಲವನು. ಹುಬ್ಬಳ್ಳಿಯ ಹದಿನೈದು ಇಪ್ಪತ್ತು ಟ್ರೇಲರು ಬಿಚ್ಚಿ ಕಟ್ಟಿದ ಮೇಲೆ ಅವನೇ ಒಂದು ಹೊಸದನ್ನು ಮಾಡಿದ. ಕಾಲಿನ ಬ್ರೇಕಿನ ಜೊತೆಗೆ ಕೈಯಲ್ಲಿ ಎಳೆಯುವ ಇನ್ನೊಂದು ಬ್ರೇಕು ಇಟ್ಟ. ಟಿಲ್ಲರಿಗೆ ಸಿಕ್ಕಿಸುವ ಕೊಂಡಿಯನ್ನು ದಪ್ಪ ಮಾಡಿದ. ತೂಕ ಗಾಲಿಯ ಮೇಲೆ ಸರಿಯಾಗಿ ಕೂರುವಂತೆ ತೊಟ್ಟಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದ. ವಿಘ್ನೇಶ್ವರ ಅದನ್ನು ವಾನಳ್ಳಿಯ ಒಂದು ಕಡಿದಾದ ದಾರಿಯಲ್ಲಿ ಸ್ವತಃ ಇಳಿಸಿ ನೋಡಿದ. ನಡುವೆ ನಿಲ್ಲಿಸಿದಾಗ ಗಾಡಿ ಗೂಟ ಹೊಡೆದಂತೆ ನಿಂತಿತು.

ಅಲ್ಲಿಂದ ಶುರುವಾಯಿತು ವ್ಯವಹಾರ. ಟ್ರೇಲರು ರಜಾಕನದು, ಪ್ಲೇಟು ಮತ್ತು ಕಾಗದ ಹುಬ್ಬಳ್ಳಿಯವನದು. ಅವನು ಟ್ರೇಲರು ಮಾಡದೆಯೇ ಬರೀ ಪ್ಲೇಟು, ಪ್ರಮಾಣಪತ್ರ ಮಾರಲು ಒಪ್ಪಿದ. ವಿಘ್ನೇಶ್ವರ ಅವನ್ನು ತಂದು ಸಿದ್ದಾಪುರದಲ್ಲಿ ಕೊಡುತ್ತಿದ್ದ. ಮೊದಲ ಸಲ ರಜಾಕ್ ಪ್ಲೇಟನ್ನು ಬೆಳಕಿಗೆ ಹಿಡಿದು ಓದಿದ.

"ಗಾಂವ್ಕಾರ್ರೇ, ಇದ್ರಾಗೆ ಬೇರೆಯವರ ಹೆಸರಿದೆ."

"ನಿಮಗೆ ಮಂಜೂರಿ ಬರೋತನಕ ಅಷ್ಟೇ, ರಜಾಕ್ ಭಾಯ್. ಎಲ್ಲ ಕಡೆ ಹೀಗೇ ನಡೀತದೆ."

"ಮಂಜೂರಿಗೆ ಅರ್ಜಿ ಹಾಕೋದು ಹೆಂಗೆ?"

"ನೀವು ಕಾಗದ ತಯಾರು ಮಾಡಿ ಕೊಡಿ. ನಾನು ಬೆಂಗಳೂರಿಗೆ ಹೋದಾಗ ಕೊಟ್ಟು ಬರ್ತೆ."

ಕಾಗದ ತಯಾರು ಮಾಡಿದವಳು ರಜಾಕನ ಮಗಳು ಆಯಿಷಾ. ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಳು. ರಜೆಯಲ್ಲಿ ಮನೆಗೆ ಬಂದು, ಅಪ್ಪ ಮಾಡಿದ ಟ್ರೇಲರಿನ ಪಕ್ಕ ಟೇಪು ಹಿಡಿದು ಕೂತು, ಒಂದೊಂದು ಭಾಗವನ್ನೂ ಅಳೆದು ನಕ್ಷೆ ಬರೆದಳು. ಅಪ್ಪ ಕಣ್ಣಂದಾಜಿನಲ್ಲಿ ಮಾಡಿದ್ದಕ್ಕೆಲ್ಲ ಅವಳು ಮಿಲಿಮೀಟರಿನಲ್ಲಿ ಲೆಕ್ಕ ಕೊಟ್ಟಳು. ಹನ್ನೊಂದು ಹಾಳೆ ನಕ್ಷೆ, ಬ್ರೇಕಿನ ವಿವರಣೆ ಎರಡು ಪುಟ, ಅರ್ಜಿ, ಫೋಟೋ. ಎಲ್ಲವನ್ನೂ ನೀಲಿ ರಟ್ಟಿನ ಫೈಲಿನಲ್ಲಿ ಹಾಕಿ ದಾರ ಕಟ್ಟಿ, ರಜಾಕ್ ತಾನೇ ಬಸ್ಸಿನಲ್ಲಿ ಶಿರಸಿಗೆ ತಂದುಕೊಟ್ಟ.

ವಿಘ್ನೇಶ್ವರ ಆ ತಿಂಗಳು ಬೆಂಗಳೂರಿಗೆ ಹೋದದ್ದು ನಿಜ, ಫೈಲನ್ನು ಚೀಲದಲ್ಲಿ ಇಟ್ಟುಕೊಂಡದ್ದೂ ನಿಜ. ಕಂಪನಿಯ ಮೀಟಿಂಗು ಮುಗಿದ ಮೇಲೆ ಅರ್ಧ ದಿನ ಬಿಡುವಿತ್ತು. ಲಾಡ್ಜಿನ ಕೋಣೆಯಲ್ಲಿ ಕೂತು ಸುಮ್ಮನೆ ಫೈಲು ಬಿಚ್ಚಿ ನೋಡಿದ. ಆಯಿಷಾಳ ನಕ್ಷೆ ನೋಡುತ್ತ ಹೋದಂತೆ ಅವನಿಗೊಂದು ವಿಷಯ ಖಾತ್ರಿಯಾಯಿತು. ಈ ಕಾಗದಕ್ಕೆ ಮಂಜೂರಿ ಸಿಗುತ್ತದೆ. ಸಿಕ್ಕ ದಿನದಿಂದ ರಜಾಕ್ ಸ್ವತಂತ್ರ ತಯಾರಕ. ಸಾಗರದ ಡೀಲರಿಗೆ ಕೊಡಬಹುದು, ಹಾನಗಲ್ಲಿನವನಿಗೆ ಕೊಡಬಹುದು, ನೇರ ರೈತರಿಗೇ ಮಾರಬಹುದು. ಇವತ್ತು ಶಿರಸಿ ಅಂಗಡಿಗೆ ಮಾತ್ರ ಸಿಗುವ ಟ್ರೇಲರು ನಾಳೆ ಎಲ್ಲರಿಗೂ ಸಿಗುತ್ತದೆ. ಅವನು ಫೈಲಿನ ದಾರ ಕಟ್ಟಿ ಮತ್ತೆ ಚೀಲಕ್ಕೆ ಹಾಕಿದ. ಮುಂದಿನ ಸಲ ಕೊಟ್ಟರಾಯಿತು ಎಂದುಕೊಂಡ. ಊರಿಗೆ ಬಂದು, ರಜಾಕ್ ಕೇಳುವ ಮೊದಲೇ ಅವನಿಗೆ ಹೇಳಿದ: "ಕೊಟ್ಟು ಬಂದೆ. ಸರ್ಕಾರಿ ಕೆಲಸ, ನಿಧಾನ ಆಗ್ತದೆ." ಫೈಲು ಅಂಗಡಿಯ ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆಯ ಕ್ಯಾಲೆಂಡರುಗಳ ಅಡಿಯಲ್ಲಿ ಕೂತಿತು.

ಮುಂದಿನ ಸಲವೂ ಕೊಡಲಿಲ್ಲ. ಅದರ ಮುಂದಿನ ಸಲ ಒಯ್ಯಲೂ ಇಲ್ಲ. ರಜಾಕ್ ಎರಡು ತಿಂಗಳಿಗೊಮ್ಮೆ ಕೇಳುತ್ತಿದ್ದ, ಕೇಳುವಾಗ ತಾನೇ ಸಂಕೋಚಪಡುತ್ತಿದ್ದ, ಪದೇ ಪದೇ ತೊಂದರೆ ಕೊಡುತ್ತಿದ್ದೇನೆ ಅನ್ನುವ ಹಾಗೆ. ಆ ಸಂಕೋಚ ನೋಡುವಾಗ ವಿಘ್ನೇಶ್ವರನಿಗೆ ಕಿವಿ ಬಿಸಿಯಾಗುತ್ತಿತ್ತು. ಹಾಗಾದಾಗೆಲ್ಲ ಅವನು ಇನ್ನೊಂದು ಟ್ರೇಲರಿಗೆ ಆರ್ಡರು ಕೊಡುತ್ತಿದ್ದ. ಒಂದೂವರೆ ವರ್ಷ ಹೀಗೆ ಕಳೆಯಿತು.

೧೯೯೮ರ ಫೆಬ್ರವರಿಯಲ್ಲಿ ಹುಲೇಕಲ್ ಹತ್ತಿರದ ಒಂದು ಇಳಿಜಾರಿನಲ್ಲಿ ರಜಾಕ್ ಮಾಡಿದ ಒಂದು ಟ್ರೇಲರು ಮಗುಚಿತು. ಟಿಲ್ಲರು ಗೋವಿಂದ ನಾಯ್ಕನದು, ಓಡಿಸುತ್ತಿದ್ದವನೂ ಅವನೇ. ಚೀಲಗಳ ಮೇಲೆ ಒಂಬತ್ತು ಮಂದಿ ಕೆಲಸದವರು ಕೂತಿದ್ದರು. ಡೀಸೆಲ್ ಉಳಿಸಲಿಕ್ಕೆಂದು ಗೋವಿಂದ ಇಳಿಜಾರಿನಲ್ಲಿ ಗೇರು ತೆಗೆದಿದ್ದ. ತಿರುವಿನಲ್ಲಿ ಗಾಡಿ ಕೈಗೆ ಸಿಗದೆ ಗಟಾರಕ್ಕೆ ಹೋಯಿತು. ಹೆಚ್ಚಿನವರಿಗೆ ಬರೀ ತರಚು ಗಾಯ. ಹಾನಗಲ್ ಕಡೆಯಿಂದ ಕೊಯ್ಲಿಗೆ ಬಂದಿದ್ದ ಪಾರ್ವತವ್ವನ ಎಡಗಾಲು ಮಾತ್ರ ಎರಡು ಕಡೆ ಮುರಿಯಿತು.

ಗಾಡಿ ಪರೀಕ್ಷೆಗೆ ಬಂದವರು ಮೋಟಾರು ವಾಹನ ನಿರೀಕ್ಷಕ ಬಸಪ್ಪ, ಹಾವೇರಿ ಕಡೆಯವರು. ಅವಸರವಿಲ್ಲದ, ಯಾರ ಚಹಾವನ್ನೂ ಕುಡಿಯದ ಅಧಿಕಾರಿ. ಬ್ರೇಕು ನೋಡಿದರು, ಎರಡೂ ಸರಿ ಇದ್ದವು. ಕೊಂಡಿ ನೋಡಿದರು, ಅದೂ ಗಟ್ಟಿ. ಕೊನೆಗೆ ಪ್ಲೇಟಿನ ನಂಬರು ಬರೆದುಕೊಂಡು ಹೋದರು. ವಾರದ ಮೇಲೆ ಗೊತ್ತಾಯಿತು, ಅದೇ ನಂಬರಿನ ಇನ್ನೊಂದು ಟ್ರೇಲರು ಬೇರೆ ಜಿಲ್ಲೆಯಲ್ಲಿ ಆಗಲೇ ನೋಂದಣಿಯಾಗಿ ಓಡಾಡುತ್ತಿದೆ. ಹುಬ್ಬಳ್ಳಿಯವನು ಒಂದೇ ನಂಬರನ್ನು ಎರಡು ಸಲ ಮಾರಿದ್ದ. ವಿಚಾರಿಸಲು ಹೋದರೆ ಅವನ ಶೆಡ್ಡಿಗೆ ಬೀಗ ಬಿದ್ದಿತ್ತು.

ಬಸಪ್ಪನವರು ವಿಘ್ನೇಶ್ವರನನ್ನು ಕರೆದುಕೊಂಡೇ ಸಿದ್ದಾಪುರಕ್ಕೆ ಹೋದರು. ರಜಾಕನ ಗ್ಯಾರೇಜಿನಲ್ಲಿ ಅರ್ಧ ಮುಗಿದ ಒಂದು ಟ್ರೇಲರು ನಿಂತಿತ್ತು. ಬೆಂಚಿನ ಮೇಲೆ ಇನ್ನೂ ಹೊಡೆಯದ ಎರಡು ಪ್ಲೇಟು ಇದ್ದವು. ರಜಾಕ್ ಅವನ್ನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೆಂದು ಅವನಿಗೆ ಅನ್ನಿಸಿಯೇ ಇರಲಿಲ್ಲ.

"ಈ ಪ್ಲೇಟು ಯಾರವ್ರೀ?" ಬಸಪ್ಪ ಕೇಳಿದರು.

ರಜಾಕ್ ವಿಘ್ನೇಶ್ವರನ ಕಡೆ ನೋಡಿದ. ತಾನು ಹೇಳುವುದಕ್ಕಿಂತ ಅವನೇ ಹೇಳಲಿ, ತಿಳಿದವನು, ಸರಿಯಾಗಿ ವಿವರಿಸುತ್ತಾನೆ ಎಂಬ ನೋಟ ಅದು. ಬಸಪ್ಪನವರೂ ಅವನ ಕಡೆ ತಿರುಗಿದರು.

"ನೀವು ಹೇಳ್ರಿ ಗಾಂವ್ಕರ್. ನಿಮ್ಮ ಅಂಗಡಿಯಿಂದ ಹೋದ ಗಾಡಿ. ಸುಳ್ಳು ಪ್ಲೇಟು ಅಂತ ಗೊತ್ತಿದ್ದೂ ಮಾರಿದ್ರ ನಿಮ್ಮ ಟ್ರೇಡ್ ಸರ್ಟಿಫಿಕೇಟ್ ಉಳಿಯೂದಿಲ್ಲ."

ವಿಘ್ನೇಶ್ವರ ಬೆಂಚಿನ ಮೇಲಿನ ಪ್ಲೇಟು ನೋಡಿದ. ಒಂದು ಕ್ಷಣದಲ್ಲಿ ಅಂಗಡಿ, ಬೋರ್ಡು, ಬೀದಿಯಲ್ಲಿ ನಿಂತು ಮಾತಾಡಿಸುವ ಜನ ಎಲ್ಲ ಕಣ್ಣ ಮುಂದೆ ಬಂದರು. "ನನಗೆ ಗೊತ್ತಿಲ್ಲ ಸಾರ್" ಎಂದ. "ಹುಬ್ಬಳ್ಳಿಯವರ ಪರವಾಗಿ ಇವರು ಇಲ್ಲಿ ಜೋಡಿಸಿ ಕೊಡ್ತಾರೆ ಅಂದ್ಕೊಂಡಿದ್ದೆ. ಪ್ಲೇಟು ಹೊಡೆದೇ ಕೊಡ್ತಿದ್ರು. ನಾನು ನಂಬಿ ತಗೊಂಡೆ."

ಹೊರಗೆ ರಸ್ತೆಯಲ್ಲಿ ಬಸ್ಸು ಹಾರ್ನು ಹೊಡೆದು ಹೋಯಿತು. ರಜಾಕ್ ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸಿಕೊಳ್ಳುತ್ತಲೇ ಇದ್ದ.

"ಪ್ಲೇಟು ನಂದಲ್ಲ ಸಾಹೇಬ್ರೇ" ಎಂದ ಕೊನೆಗೆ. "ಗಾಡಿ ನಾನೇ ಮಾಡಿದ್ದು. ನನ್ನ ಅರ್ಜಿ ಬೆಂಗಳೂರಿನಾಗೆ ಇದೆ. ಬೇಕಾದ್ರೆ ಗಾಂವ್ಕಾರ್ರನ್ನ ಕೇಳಿ, ಅವರೇ ಕೊಟ್ಟು ಬಂದಿದ್ದು."

"ಹೌದೇನ್ರಿ?"

ಈ ಪ್ರಶ್ನೆಗೆ ವಿಘ್ನೇಶ್ವರ ಹೌದೆಂದು ತಲೆಯಾಡಿಸಿದ. ಇಲ್ಲವೆನ್ನುವುದಕ್ಕೆ ಬಾಯಿ ಬರಲಿಲ್ಲ. ಬಸಪ್ಪನವರು ಗ್ಯಾರೇಜಿಗೆ ಸೀಲು ಹಾಕಿ, ರಜಾಕನಿಗೆ ಮೂವತ್ತು ದಿನದ ನೋಟೀಸು ಕೊಟ್ಟರು. ಅರ್ಜಿ ಸಲ್ಲಿಸಿದ್ದಕ್ಕೆ ಪುರಾವೆ ತಂದರೆ ಮಂಜೂರಿಗೆ ಕಾಯುತ್ತಿದ್ದ ಮನುಷ್ಯನೆಂದು ಬರೆಯುತ್ತೇನೆ, ತರದಿದ್ದರೆ ಕಳ್ಳ ಪ್ಲೇಟಿನ ಮೊಕದ್ದಮೆ ಆಗುತ್ತದೆ ಎಂದರು.

ಐದನೆಯ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವಾಗ ಆಯಿಷಾ ಮೆಟ್ಟಿಲ ಮೇಲೆ ನಿಂತಿದ್ದಳು. ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. ಕೈಯಲ್ಲೊಂದು ನೋಟ್‌ಬುಕ್ಕು, ಪೆನ್ನು. ಬೈಯಲು ಬಂದಿದ್ದಾಳೆ ಎಂದು ವಿಘ್ನೇಶ್ವರ ಗಟ್ಟಿಯಾಗಿ ನಿಂತುಕೊಂಡ. ಅವಳು ಬೈಯಲಿಲ್ಲ.

"ಗಾಂವ್ಕಾರ್ರೇ, ನೀವು ಅವತ್ತು ಹಂಗೆ ಯಾಕೆ ಹೇಳಿದ್ರಿ ಅಂತ ಕೇಳಬೇಡ ಅಂತ ನಮ್ಮ ಅಬ್ಬಾ ಹೇಳಿದಾರೆ. ಲೈಸೆನ್ಸು ಹೋಗ್ತದೆ ಅಂತ ಹೆದರಿರಬೇಕು ಅಂದ್ರು. ನಾನು ಅದಕ್ಕೆ ಬಂದಿಲ್ಲ. ಫೈಲು ಕೊಟ್ಟಾಗ ಟಪಾಲು ವಿಭಾಗದಲ್ಲಿ ಚೀಟಿ ಮೇಲೆ ನಂಬರು ಹಾಕಿ ಕೊಟ್ಟಿರ್ತಾರಲ್ಲ, ಅದು ಬೇಕು. ನಾನೂ ಅಬ್ಬಾನೂ ಬೆಂಗಳೂರಿಗೆ ಹೋಗಿ ಹುಡುಕಿಸ್ತೀವಿ."

"ಚೀಟಿ ಎಲ್ಲೋ ಇರ್ಬೇಕು" ಎಂದ ವಿಘ್ನೇಶ್ವರ.

"ಹುಡುಕಿ. ನಾನು ಕೂತಿರ್ತೇನೆ."

ಅವಳು ಬೆಂಚಿನ ಮೇಲೆ ಕೂತಳು. ಅವನು ಕಪಾಟು ತೆರೆದು, ಬೆನ್ನು ಅವಳ ಕಡೆ ಮಾಡಿ, ಕಾಗದ ಸರಿಸಿದಂತೆ ಮಾಡಿದ. ಕೆಳಗಿನ ಅರೆಯಲ್ಲಿ ಕ್ಯಾಲೆಂಡರುಗಳ ಅಡಿಯಿಂದ ಫೈಲಿನ ನೀಲಿ ಅಂಚು ಕಾಣುತ್ತಿತ್ತು. ಅವನು ಕಾಲಿನಿಂದ ಅದನ್ನು ಒಳಕ್ಕೆ ತಳ್ಳಿದ. ಆಗ ಹೇಳಬಹುದಿತ್ತು. ಹುಡುಗಿ ಎರಡು ಮಾರು ದೂರದಲ್ಲಿ ಕೂತಿದ್ದಳು, ಫೈಲು ಕಾಲ ಬುಡದಲ್ಲಿತ್ತು. ಅವನು ತಿರುಗಿ, "ಚೀಟಿ ಸಿಗ್ತಾ ಇಲ್ಲ. ನಂಬರು ನೆನಪಿದೆ, ಬರ್ಕೋ" ಎಂದ. ಬಾಯಿಗೆ ಬಂದ ನಾಲ್ಕು ಅಂಕಿ ಹೇಳಿದ. ಆಯಿಷಾ ಬರೆದುಕೊಂಡು, ಒಮ್ಮೆ ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಿದಳು. ಅವನು ಸರಿ ಎಂದ. ಅವಳು ಉಪಕಾರವಾಯಿತು ಎಂದು ಹೇಳಿ ಹೊರಟಳು.

ಅಪ್ಪ ಮಗಳು ಬೆಂಗಳೂರಿಗೆ ಹೋಗಿ ಎರಡು ದಿನ ಇದ್ದರು. ಆ ಎರಡು ದಿನ ವಿಘ್ನೇಶ್ವರ ಅಂಗಡಿಯಲ್ಲಿ ಕೂತಿದ್ದ ಅಷ್ಟೇ. ಗಿರಾಕಿ ಏನು ಕೇಳಿದ, ತಾನೇನು ಹೇಳಿದೆ ಒಂದೂ ನೆನಪಿಲ್ಲ. ಈಗ ಕೌಂಟರಿನ ಮುಂದೆ ನಿಂತಿರಬೇಕು, ಈಗ ಇನ್ನೊಂದು ಕೋಣೆಗೆ ಕಳಿಸಿರಬೇಕು, ಈಗ ಯಾರೋ ರಿಜಿಸ್ಟರಿನ ಪುಟ ತಿರುವುತ್ತಿರಬೇಕು ಎಂದು ಗಡಿಯಾರ ನೋಡುತ್ತಿದ್ದ. ಮರಳುವಾಗ ಶಿರಸಿಯಲ್ಲಿ ಇಳಿದು, ಅಪ್ಪನನ್ನು ಸಿದ್ದಾಪುರದ ಬಸ್ಸಿಗೆ ಹತ್ತಿಸಿ, ಆಯಿಷಾ ಒಬ್ಬಳೇ ಅಂಗಡಿಗೆ ಬಂದಳು. ಮುಖ ಬಾಡಿತ್ತು.

"ಆ ನಂಬರಿನಲ್ಲಿ ಯಾವುದೋ ಶಾಲೆ ಬಸ್ಸಿನ ಅರ್ಜಿ ಇದೆ" ಎಂದಳು. "ಅಲ್ಲಿ ಒಬ್ಬ ಕ್ಲಾರ್ಕು ಪಾಪ, ಹಿಂದಿನ ಎರಡು ವರ್ಷದ ರಿಜಿಸ್ಟರೂ ತೆಗೆದು ನೋಡಿದ್ರು. ನಮ್ಮ ಹೆಸರೇ ಇಲ್ಲ. ನೀವು ನೆನಪಿನಿಂದ ಹೇಳಿದ್ದಲ್ವಾ, ಒಂದಂಕಿ ಹೆಚ್ಚುಕಮ್ಮಿ ಆಗಿರಬಹುದು. ಚೀಟಿ ಇನ್ನೊಂದ್ಸಲ ಹುಡುಕ್ತೀರಾ?"

ಅವಳ ದನಿಯಲ್ಲಿ ಅನುಮಾನ ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಹುಡುಕುತ್ತೇನೆ ಎಂದ. ಅವಳು ಹೋದ ಮೇಲೆ ಕಪಾಟಿನ ಬೀಗ ಹಾಕುವುದನ್ನೂ ಮರೆತು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಖಾಲಿ ಪೆಟ್ಟಿಗೆಗಳ ನಡುವೆ ಬಹಳ ಹೊತ್ತು ನಿಂತ.

ಒಳಗೆ ಬಂದಾಗ ಪರಿಮಳಾ ಕಪಾಟಿನ ಮುಂದೆ ಕೂತಿದ್ದಳು. ನವೀಕರಣದ ಅರ್ಜಿಗೆ ಹಳೆಯ ರಸೀದಿ ಬೇಕಾಗಿ ಕೆಳಗಿನ ಅರೆ ತೆಗೆದಿದ್ದಳು. ಮಡಿಲಲ್ಲಿ ನೀಲಿ ಫೈಲು, ಆಯಿಷಾಳ ನಕ್ಷೆಯ ಮೊದಲ ಹಾಳೆ.

"ಇದು ಬೆಂಗಳೂರಲ್ಲಿ ಇದ್ದು ಹೇಳಿ ಹೇಳಿದ್ರಿ ಅಲ್ದಾ?"

"ಇಲ್ಲೆ, ಆನು ಕೊಟ್ಟಿದ್ನಿಲ್ಲೆ" ಎಂದ ವಿಘ್ನೇಶ್ವರ.

"ಎಂತಕ್ಕೆ?"

ಅವನು ನೆಲದ ಮೇಲಿದ್ದ ಹಳೆಯ ಕ್ಯಾಲೆಂಡರುಗಳನ್ನು ಎತ್ತಿ ಜೋಡಿಸತೊಡಗಿದ. ಪರಿಮಳಾ ಅವನ ಮುಖ ನೋಡಿದಳು. ಹದಿನೇಳು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕಾಯಿತು. ಅವಳು ಹಾಳೆಯನ್ನು ಜಾಗ್ರತೆಯಿಂದ ಮಡಚಿ ಫೈಲಿಗೆ ಸೇರಿಸಿ, ದಾರ ಕಟ್ಟಿ, ಮೇಜಿನ ಮೇಲಿಟ್ಟಳು.

"ಆ ರಜಾಕನ ಕೂಸು ಈಗಷ್ಟೇ ಇಲ್ಲಿಂದ ಹೋತು" ಎಂದಳು. "ಎದುರು ಸಿಕ್ತು, ಹೆಂಗಿದ್ದೆ ಹೇಳಿ ಆನು ಕೇಳಿದೆ. ನಿಂಗ ಭಾಳ ಸಹಾಯ ಮಾಡ್ತಾ ಇದ್ರಿ ಹೇಳಿ ಹೇಳ್ತು."

ಮರುದಿನ ಬೆಳಗಿನ ಬಸ್ಸಿಗೆ ಅವನು ಸಿದ್ದಾಪುರಕ್ಕೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದ: ಫೈಲು ಕೊಡಲಿಲ್ಲ, ಬೇಕೆಂದೇ ಕೊಡಲಿಲ್ಲ, ನಂಬರು ಸುಳ್ಳು. ಮೂರು ವಾಕ್ಯ. ಆಯಿಷಾ ಕಾಲೇಜಿಗೆ ಹೋಗಿದ್ದಳು. ಸೀಲು ಬಿದ್ದ ಗ್ಯಾರೇಜಿನ ಪಕ್ಕದ ಮನೆಯಂಗಳದಲ್ಲಿ ರಜಾಕ್ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದ. ಕೆಲಸವಿಲ್ಲದ ಆ ಕೈಗಳನ್ನು ವಿಘ್ನೇಶ್ವರ ಅವತ್ತೇ ಮೊದಲು ನೋಡಿದ್ದು. ಅವನು ಫೈಲನ್ನು ರಜಾಕನ ಮುಂದೆ ಹಿಡಿದ.

ರಜಾಕ್ ತೆಗೆದುಕೊಂಡ. ದಾರ ಬಿಚ್ಚಿ ಒಂದೆರಡು ಹಾಳೆ ತಿರುವಿದ. ಮಗಳ ಕೈಬರಹದ ಮೇಲೆ ಬೆರಳಾಡಿಸಿದ. ಆಮೇಲೆ ತಲೆಯೆತ್ತಿ ಕೇಳಿದ, "ಕೊಡೋದು ಮರ್ತು ಬಿಟ್ರಾ?"

ಬಾಗಿಲು ತೆರೆದು ಕೊಟ್ಟ ಹಾಗಿತ್ತು ಆ ಪ್ರಶ್ನೆ. ಜೋಡಿಸಿಕೊಂಡು ಬಂದಿದ್ದ ಮೂರು ವಾಕ್ಯವನ್ನೂ ಬಿಟ್ಟು ವಿಘ್ನೇಶ್ವರ ಆ ಬಾಗಿಲಲ್ಲೇ ಹೊರಬಿದ್ದ.

"ಮರೆತೆ" ಎಂದ. "ಆ ನಂಬರು ಬೇರೆ ಯಾವುದೋ ಕಾಗದದ್ದಿರಬೇಕು. ನಿನ್ನೆ ಕಪಾಟು ತೆಗೆದಾಗ ಸಿಕ್ತು."

"ಮರೆಯೋದು ಯಾರಿಗೂ ಆಗ್ತದೆ" ಎಂದ ರಜಾಕ್. ಫೈಲಿನ ದಾರ ಕಟ್ಟುತ್ತ, "ಪ್ಲೇಟಿನ ವಿಷಯ ಮರೆತಿದ್ದಲ್ಲ" ಎಂದ.

"ಅಲ್ಲ. ಅದು ಸುಳ್ಳು ಹೇಳಿದ್ದು. ಇವತ್ತೇ ಸಾಹೇಬ್ರ ಹತ್ರ ಹೋಗಿ ಬರೆದು ಕೊಡ್ತೆ."

ಅದನ್ನು ಅವನು ಮಾಡಿದ. ಅದೇ ಮಧ್ಯಾಹ್ನ ಬಸಪ್ಪನವರ ಮುಂದೆ ಕೂತು ಹೇಳಿಕೆ ಬರೆದ. ಪ್ಲೇಟುಗಳನ್ನು ಹುಬ್ಬಳ್ಳಿಯಿಂದ ತಂದವನು ತಾನು, ರಜಾಕನಿಗೆ ಅದು ಸದ್ಯದ ವ್ಯವಸ್ಥೆ ಎಂದು ನಂಬಿಸಿದವನು ತಾನು, ಅವನ ಅರ್ಜಿ ಸಲ್ಲಿಸದೆ ಉಳಿದದ್ದು ತನ್ನ ಮರೆವಿನಿಂದ. ಬಸಪ್ಪನವರು ಓದಿ, ಕೊನೆಯ ಸಾಲಿನ ಮೇಲೆ ಪೆನ್ನು ಇಟ್ಟು, "ಒಂದೂವರಿ ವರ್ಷ ಮರತ್ರಿ?" ಎಂದರು. ಅವನು ಸಹಿಗೆಂದು ಪೆನ್ನಿಗೆ ಕೈ ಚಾಚಿದ. ಅವರು ಒತ್ತಾಯಿಸಲಿಲ್ಲ, ಸಹಿ ಮಾಡಿರಿ ಎಂದರು.

ತಿಂಗಳೊಳಗೆ ಟ್ರೇಡ್ ಸರ್ಟಿಫಿಕೇಟು ರದ್ದಾಯಿತು. ಅದಿಲ್ಲದವನು ಹೊಸ ಗಾಡಿ ಇಟ್ಟುಕೊಳ್ಳುವ ಹಾಗಿಲ್ಲವಾದ್ದರಿಂದ ಕಂಪನಿಯವರು ಡೀಲರಿಕೆ ಹಿಂದೆ ತೆಗೆದುಕೊಂಡರು. ವಿಘ್ನೇಶ್ವರ ಅಂಗಡಿ ಬಿಟ್ಟು, ಯಲ್ಲಾಪುರದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಒಂದು ಸಣ್ಣ ಮಳಿಗೆ ಹಿಡಿದ. ಮತ್ತೆ ನಟ್ಟು ಬೋಲ್ಟು. ಮಂಜೂರಿಯಿಲ್ಲದೆ ವಾಹನ ಮಾಡಿದ್ದಕ್ಕೆ ರಜಾಕನಿಗೆ ದಂಡ ಬಿತ್ತು, ಕಳ್ಳ ಪ್ಲೇಟಿನ ಮೊಕದ್ದಮೆ ತಪ್ಪಿತು. ಗ್ಯಾರೇಜಿನ ಸೀಲು ತೆಗೆದರು. ಫೈಲನ್ನು ಆಯಿಷಾ ಈ ಸಲ ತಾನೇ ಒಯ್ದು ಕೊಟ್ಟು, ಚೀಟಿ ಪಡೆದು, ಆರು ಸಲ ಓಡಾಡಿದಳು. ೧೯೯೯ರ ಕೊನೆಗೆ ರಜಾಕ್ ಮಂಜೂರಿಯಾದ ತಯಾರಕನಾದ. ಅವನ ಟ್ರೇಲರು ಸಾಗರಕ್ಕೂ ಹೋಯಿತು, ಹಾನಗಲ್ಲಿಗೂ ಹೋಯಿತು, ವಿಘ್ನೇಶ್ವರ ಲಾಡ್ಜಿನಲ್ಲಿ ಕೂತು ಅಂದಾಜು ಮಾಡಿದ್ದ ಹಾಗೆಯೇ.

ಅವಮಾನವಾಗುತ್ತದೆ, ಜನ ಮುಖ ತಿರುಗಿಸುತ್ತಾರೆ ಎಂದು ವಿಘ್ನೇಶ್ವರ ಕಾದಿದ್ದ. ಆದದ್ದೇ ಬೇರೆ. ತಾನಾಗಿ ಹೋಗಿ ತಪ್ಪು ಒಪ್ಪಿಕೊಂಡ, ಒಬ್ಬ ಬಡ ಕೆಲಸಗಾರನನ್ನು ಉಳಿಸಲು ಅಂಗಡಿಯನ್ನೇ ಕಳೆದುಕೊಂಡ ಎಂದು ಸುದ್ದಿ ಹರಡಿತು. ಅದನ್ನು ಹೆಚ್ಚಾಗಿ ಹೇಳಿಕೊಂಡು ತಿರುಗಿದವನು ರಜಾಕನೇ. ಯಲ್ಲಾಪುರದ ಜನ ಮಳಿಗೆಗೆ ಬಂದಾಗ ಸ್ವಲ್ಪ ಹೆಚ್ಚೇ ಗೌರವದಿಂದ ಮಾತಾಡಿಸುತ್ತಿದ್ದರು. ೨೦೦೧ರಲ್ಲಿ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ವ್ಯಾಪಾರದಲ್ಲಿ ಪ್ರಾಮಾಣಿಕತೆ ಎಂದು ಮಾತಾಡುತ್ತ ಅವನ ಹೆಸರು ತೆಗೆದರು. ಎದ್ದು ನಿಲ್ಲಿ ಎಂದರು. ಮುನ್ನೂರು ಜನ ಚಪ್ಪಾಳೆ ತಟ್ಟುವಾಗ ವಿಘ್ನೇಶ್ವರ ಎದ್ದು ನಿಂತು ಕೈ ಮುಗಿದ. ಹೆಂಗಸರ ಸಾಲಿನಲ್ಲಿ ಪರಿಮಳಾ ಕೂತಿದ್ದಳು. ಅವಳ ಕೈ ಮಡಿಲಲ್ಲೇ ಇತ್ತು. ಮನೆಗೆ ಬರುವಾಗ, ಅಡಿಗೆಗೆ ತೆಂಗಿನಕಾಯಿ ಇಲ್ಲೆ, ತರಕು ಎಂದಳು ಅಷ್ಟೇ.

ಆ ವಾರವೇ ಅವನು ಸಿದ್ದಾಪುರಕ್ಕೆ ಹೋದ. ಗ್ಯಾರೇಜು ಈಗ ದೊಡ್ಡ ಶೆಡ್ಡಾಗಿತ್ತು. ಒಂದು ಮೂಲೆಯಲ್ಲಿ ಗಾಜಿನ ಕಿಟಕಿಯ ಸಣ್ಣ ಆಫೀಸು, ಅದರೊಳಗೆ ಆಯಿಷಾ. ಡಿಪ್ಲೊಮಾ ಮುಗಿಸಿ ಅಪ್ಪನ ಕೆಲಸವನ್ನೇ ನೋಡಿಕೊಳ್ಳುತ್ತಿದ್ದಳು. ಪ್ರಮಾಣಪತ್ರ ತುಂಬುತ್ತಿದ್ದವಳು ಎದ್ದು ಕುರ್ಚಿ ಕೊಟ್ಟಳು. ರಜಾಕ್ ಹೊರಗೆ ಕೆಲಸದಲ್ಲಿದ್ದ.

ವಿಘ್ನೇಶ್ವರ ಕೂರಲಿಲ್ಲ. "ಒಂದು ಮಾತು ಹೇಳಬೇಕಿತ್ತು" ಎಂದ. "ನಾನು ಫೈಲು ಮರೆತಿದ್ದಲ್ಲ. ಬೇಕಂತಲೇ ಇಟ್ಟುಕೊಂಡೆ. ನಿಮಗೆ ಮಂಜೂರಿ ಬಂದ್ರೆ ಟ್ರೇಲರು ಎಲ್ಲರಿಗೂ ಸಿಗ್ತದೆ ಅಂತ. ನಿನಗೆ ಕೊಟ್ಟ ನಂಬರೂ ಯಾವ ಕಾಗದದ್ದೂ ಅಲ್ಲ. ಬಾಯಿಗೆ ಬಂದದ್ದು ಹೇಳಿದೆ. ನೀನು ಬೆಂಚಿನ ಮೇಲೆ ಕೂತಿದ್ದಾಗ ಫೈಲು ನನ್ನ ಕಾಲ ಹತ್ತಿರ ಇತ್ತು."

ಆಯಿಷಾ ಪೆನ್ನಿನ ಮುಚ್ಚಳ ಹಾಕಿದಳು. ಅವಳ ಮುಖದಲ್ಲಿ ಇಷ್ಟು ವರ್ಷ ಅವನ ಬಗ್ಗೆ ಇದ್ದ ಒಂದು ಸಲಿಗೆ ಮೆಲ್ಲಗೆ ಹೋದದ್ದು ಅವನಿಗೆ ಕಾಣಿಸಿತು.

"ಅವತ್ತು ಬೆಂಗಳೂರಿನಲ್ಲಿ ಎರಡನೇ ದಿನ ಅಬ್ಬಾಗೆ ಮೆಟ್ಟಿಲು ಹತ್ತೋಕೆ ಆಗಲಿಲ್ಲ" ಎಂದಳು. "ಮಂಡಿ ಊದಿತ್ತು. ನಾನು ಒಬ್ಬಳೇ ಮೇಲೆ ಕೆಳಗೆ ಓಡಾಡಿದೆ. ಅಬ್ಬಾ ಕೆಳಗೆ ಕೂತು, ಸಿಕ್ತಾ ಸಿಕ್ತಾ ಅಂತ ಕೇಳ್ತಿದ್ರು."

"ಅವರ ಹತ್ರಾನೂ ಹೇಳ್ತೆ. ಅದಕ್ಕೇ ಬಂದೆ."

"ಬೇಡ." ಅವಳು ಥಟ್ಟನೆ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು. "ಅಬ್ಬಾಗೆ ಹೇಳಬೇಡಿ. ಅವರು ನಿಮ್ಮ ಬಗ್ಗೆ ಊರೆಲ್ಲ ಒಳ್ಳೇದು ಹೇಳ್ಕೊಂಡು ಬಂದಿದಾರೆ. ಮಸೀದಿ ಮುಂದೆ ಕೂತು ಹೇಳ್ತಾರೆ. ಅದೆಲ್ಲ ಸುಳ್ಳಾಯ್ತು ಅಂತ ಈ ವಯಸ್ಸಿನಲ್ಲಿ ಅವರಿಗೆ ಗೊತ್ತಾಗೋದು ನನಗೆ ಬೇಡ. ನಿಮಗೆ ಹಗುರ ಆಗ್ತದೆ, ಅವರಿಗೆ ಏನು ಸಿಗ್ತದೆ?"

ಅಷ್ಟರಲ್ಲಿ ರಜಾಕ್ ಬಂದ. ವಿಘ್ನೇಶ್ವರನನ್ನು 'ನೀವು ಬಂದದ್ದು ಯಾವಾಗ' ಎಂದು ಕೈ ಹಿಡಿದು ಕೂರಿಸಿ, ಚಹಾ ತರಿಸಿದ. ಶೆಡ್ಡಿಗೆ ಬಂದಿದ್ದ ಹಾನಗಲ್ಲಿನ ಗಿರಾಕಿಯೊಬ್ಬನನ್ನೂ ಒಳಗೆ ಕರೆದು, ಇವರೇ ನಾನು ಹೇಳಿದ್ದ ಗಾಂವ್ಕಾರ್ರು ಎಂದು ಪರಿಚಯಿಸಿದ. ಗಿರಾಕಿ ಕೈ ಮುಗಿದ. ರಜಾಕ್ ಬೆಂಗಳೂರಿನ ಕತೆ ಶುರುಮಾಡಿದ: ನಂಬರು ತಪ್ಪಾದದ್ದು, ಶಾಲೆ ಬಸ್ಸಿನ ಅರ್ಜಿ ಸಿಕ್ಕಿದ್ದು, ಆ ಕ್ಲಾರ್ಕು ಕುರ್ಚಿ ಕೊಟ್ಟು ನೀರು ಕೊಟ್ಟದ್ದು. ಅಷ್ಟು ದೊಡ್ಡ ಆಫೀಸಿನಲ್ಲಿ ನನ್ನಂಥವನಿಗೆ ಕುರ್ಚಿ ಕೊಟ್ಟರು ಎಂದು ನಗುತ್ತ ಹೇಳಿದ.

"ಇವರಿಗೆ ಮರೆವು ಬಹಳ" ಎಂದು ವಿಘ್ನೇಶ್ವರನ ಭುಜ ತಟ್ಟಿದ.

ಗಿರಾಕಿ ನಕ್ಕ. ವಿಘ್ನೇಶ್ವರ ಆಯಿಷಾಳ ಕಡೆ ನೋಡಿದ. ಅವಳು ತಲೆ ಬಗ್ಗಿಸಿ ಪ್ರಮಾಣಪತ್ರ ತುಂಬುತ್ತಿದ್ದಳು. ಅವನೂ ನಕ್ಕು, "ಹೌದು, ಮರೆವು" ಎಂದು, ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದ.